ಅರ್ಧ ಕೊರೆದ ತೂತು

ತಂತಿ ಒಳಗೆ ಹೋಗಲಿಲ್ಲ.

ಉಗುರಿನಷ್ಟು ಆಳಕ್ಕೆ ಇಳಿದು, ಕಬ್ಬಿಣಕ್ಕೆ ತಾಗಿ ನಿಂತುಬಿಟ್ಟಿತು.

ಕೈಯಲ್ಲಿದ್ದದ್ದು ನಮ್ಮ ಡಚ್ ಸೈನ್ಯದ ಹಳೇ ಫಿರಂಗಿಯ ಷೆಲ್. ಮದ್ದು ತೆಗೆದ ಷೆಲ್‌ನ ಪಕ್ಕಕ್ಕೆ ತೂತು ಕೊರೆಯುತ್ತಾರೆ, ಒಳಗೆ ಖಾಲಿ ಎಂದು ಕೊಳ್ಳುವವನಿಗೆ ಕಾಣಲಿ ಅಂತ. ಇದರ ತೂತು ಅರ್ಧಕ್ಕೇ ನಿಂತಿತ್ತು.

ಅಂದರೆ, ಮದ್ದು ಒಳಗೇ ಇತ್ತು.

ಅದನ್ನು ಮಗುವಿನ ಹಾಗೆ ಮೇಜಿನ ಮೇಲೆ ಮಲಗಿಸಿದೆ. ಆಮೇಲೆ ಅದನ್ನು ಮಾರಲಿಟ್ಟಿದ್ದ ಸ್ಯಾಂಡರ್‌ನ ಕುತ್ತಿಗೆ ಪಟ್ಟಿ ಹಿಡಿದು ಅವನ ವ್ಯಾನಿಗೇ ಒತ್ತಿದೆ. ಹಳೇ ಯುದ್ಧ ಸಾಮಾನಿನ ಸಂತೆ ಅದು. ಅಲ್ಲಿ ಮೋಸದ ಮಾಲು ಹಿಡಿಯುವುದು ನನ್ನ ಕಸುಬು. ಹೆಲ್ಮೆಟ್ಟು, ಬಿಲ್ಲೆ ಮಾರುವವರು ನಮ್ಮ ಕಡೆ ನೋಡಿ, ಮತ್ತೆ ತಮ್ಮ ಕಾಫಿ ಕಡೆ ನೋಡಿದರು.

“ಇಂಥವು ಎಷ್ಟು ಮಾರಿದ್ದೀಯ?”

“ಬೆರೆಂಡ್, ಅಂಗಿ ಬಿಡು. ಹೊಸದು.”

“ಒಳ್ಳೇದಾಯ್ತು. ಇದರಲ್ಲೇ ಹೂಳ್ತಾರೆ. ಎಷ್ಟು?”

“ಇನ್ನೊಂದೇ ಒಂದು...”

“ಯಾರಿಗೆ?”

ಅವನು ಕಣ್ಣು ತಪ್ಪಿಸಿದ. “ನಿನ್ನ ಮಾವನಿಗೆ.”

ಹಾರ್ಮೆನ್ ಮಾವ. ನನ್ನಮ್ಮನ ತಮ್ಮ.

“ತೂತು ಯಾಕೋ ಪೂರ್ತಿ ಕೊರೀಲಿಲ್ಲ?”

“ಭಯ ಆಯ್ತು.”

“ಮಾವ ತಂತಿ ಹಾಕಿ ನೋಡಲಿಲ್ವಾ?”

“ಅವರ ಮನೇಲೇ ಕೂತು ಕಾಫಿ ಕುಡಿದ್ವಿ. ಕಾಫಿ ಕೊಟ್ಟ ಮೇಲೆ ಯಾರಪ್ಪ ತಂತಿ ಹಾಕ್ತಾರೆ?”

ನಿಜ. ಅದು ನಮ್ಮ ಜನರ ಮರ್ಯಾದೆ. ಕಾಫಿ ಮುಂದೆ ತಂತಿ ತೆಗೆದರೆ ಎದುರಿಗಿದ್ದವನನ್ನು ಕಳ್ಳ ಎಂದ ಹಾಗೆ. ಎರಡನೇ ಬಿಸ್ಕತ್ತು ಕೊಡುವುದಕ್ಕೆ ಹಿಂದೆಮುಂದೆ ನೋಡುವವರು, ಮರ್ಯಾದೆಗೆ ಜೀವ ಮಾತ್ರ ಪುಕ್ಕಟೆ ಕೊಡುತ್ತಾರೆ.

“ಇವತ್ತು ಮೇಣಕ್ಕೆ ಹಾಕ್ತೀನಿ ಅಂದಿದ್ರು” ಅಂದ ಸ್ಯಾಂಡರ್.

ತುಕ್ಕು ಹತ್ತದಿರಲಿ ಎಂದು ಹಳೇ ಕಬ್ಬಿಣವನ್ನು ಕುದಿಯುವ ಮೇಣದಲ್ಲಿ ಅದ್ದುತ್ತಾರೆ. ಮದ್ದು ತುಂಬಿದ ಷೆಲ್ಲನ್ನು... ಒಲೆಯ ಮೇಲೆ.

ಮೇಜಿನ ಹತ್ತಿರ ಯಾರನ್ನೂ ಬಿಡಬೇಡಿ, ಪೊಲೀಸರನ್ನು ಕರೆಸಿ ಎಂದು ಕೂಗಿ, ಬೂತಿಗೆ ಓಡಿದೆ. ಮಾವನ ಮನೆ ಫೋನ್ ಬಡಿದುಕೊಂಡೇ ಇತ್ತು. ಎತ್ತುವವರಿಲ್ಲ. ಹಿತ್ತಲ ಶೆಡ್ಡಿನಲ್ಲಿದ್ದರೆ ಆ ಕೆಪ್ಪನಿಗೆ ಚರ್ಚಿನ ಗಂಟೆಯೂ ಕೇಳಿಸುವುದಿಲ್ಲ.

ಕಾರು ಹಾರಿತು. ಎರಡು ಸೈಕಲ್‌ನವರು ನನ್ನ ವಂಶವನ್ನೇ ಬೈದರು.

ಕಾಲುವೆ ಹತ್ತಿರ ಕೆಂಪು ದೀಪ. ದೋಣಿಗೆ ದಾರಿ ಬಿಡಲು ಕಣ್ಣೆದುರೇ ಸೇತುವೆ ಎರಡು ಹೋಳಾಗಿ ಮೇಲಕ್ಕೆದ್ದಿತು. ಮರಳು ತುಂಬಿದ ದೋಣಿಯೊಂದು ಗಬ್ಬದ ಹಸುವಿನ ಹಾಗೆ ಸಾಗುತ್ತಿತ್ತು. ಹಾರ್ನ್ ಒತ್ತಿದೆ. ದೋಣಿಯವನು ನಗುತ್ತಾ ಕೈ ಬೀಸಿದ. ಆ ಕೈ ಮುರಿಯಬೇಕು ಅನ್ನಿಸಿತು.

ಮಾವನ ಹಿತ್ತಲಿಗೆ ನುಗ್ಗಿ ಶೆಡ್ಡಿನ ಬಾಗಿಲನ್ನು ಒದ್ದು ತೆರೆದೆ.

ಒಲೆಯ ಮೇಲೆ ಮೇಣ ಹೊಗೆಯಾಡುತ್ತಿತ್ತು. ಮಾವ ಷೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕಡಾಯಿಯ ಮೇಲೆ ಬಾಗಿದ್ದರು. ನಾನು ಕೆಳಗಿನಿಂದ ಕೈಯೊಡ್ಡಿ ತಡೆದೆ.

“ಇಳಿಸಬೇಡಿ ಮಾವ. ತುಂಬಿದೆ.”

“ಏನು? ಜೋರಾಗಿ ಹೇಳೋ.”

“ಒಳಗೆ ಮದ್ದಿದೆ!”

“ತೂತಿದೆಯಲ್ಲೋ.”

“ಅರ್ಧ ತೂತು.”

ಅವರು ಹೆದರಲಿಲ್ಲ. ನಕ್ಕರು. “ಇದ್ರೇನು? ಇವು ಸಿಡಿಯಲ್ಲ ಕಣೋ. ಸಿಡಿದಿದ್ರೆ ನನ್ನಪ್ಪ ಯಾಕೆ ಸಾಯ್ತಿದ್ದ?”

ಈ ಮಾತು ಕೇಳಿಕೊಂಡೇ ನಾನು ಬೆಳೆದದ್ದು. ನಲವತ್ತರ ಮೇ ತಿಂಗಳಲ್ಲಿ ಜರ್ಮನ್ನರು ಬಂದಾಗ ಅಜ್ಜ ಗ್ರೆಬ್ಬೆ ಗುಡ್ಡದ ಹಿಂದೆ ಫಿರಂಗಿ ಹೊಡೆಯುತ್ತಿದ್ದ. ಹೆಣ ಸಿಕ್ಕಿದ್ದು ಫಿರಂಗಿಯಿಂದ ದೂರದ ರಸ್ತೆಯಲ್ಲಿ. ಗುಂಡು ಬೆನ್ನಿಗೆ ಬಿದ್ದಿತ್ತು. ಓಡಿಹೋದ ಅಂತ ಊರು ಆಡಿಕೊಂಡಿತು. ಷೆಲ್‌ಗಳೇ ಹಾಳಾಗಿದ್ದವು, ಹೊಡೆದರೂ ಸಿಡಿಯುತ್ತಿರಲಿಲ್ಲ, ನಿಂತು ಏನು ಮಾಡಬೇಕಿತ್ತು ಎಂದು ಅಜ್ಜಿ ಸಾಯುವವರೆಗೂ ವಾದಿಸಿದಳು. ಮಾವನ ಗಾಜಿನ ಕಪಾಟಿನ ತುಂಬ ಆ ವಾದವೇ. ಮುರಿದ ಚಕ್ರ, ಗುರಿ ನೋಡುವ ತುಕ್ಕು ಹಿಡಿದ ಕೊಳವೆ, ಅಜ್ಜನ ಫೋಟೋ. ಈ ಷೆಲ್ ಅಜ್ಜನ ಫಿರಂಗಿ ನಿಂತಿದ್ದ ಹೊಂಡದಲ್ಲೇ ಸಿಕ್ಕಿದ್ದು. ಆ ಒಂದು ವಿಷಯದಲ್ಲಿ ಸ್ಯಾಂಡರ್ ಮಾವನಿಗೆ ಸುಳ್ಳು ಹೇಳಿರಲಿಲ್ಲ. ಅಗೆದ ರೈತನನ್ನು ಆಮೇಲೆ ನಾನೇ ವಿಚಾರಿಸಿದೆ.

“ಸೈನ್ಯದವರನ್ನ ಕರೀತೀನಿ ಮಾವ.”

“ಕರಿ. ಅವರೇ ನೋಡಲಿ. ಇವತ್ತಾದರೂ ಯಾರಾದ್ರೂ ನೋಡಲಿ.”

ಬಂದರು. ಷೆಲ್ಲನ್ನು ಹಿಂದಿನ ಹುಲ್ಲುಗಾವಲಿನಲ್ಲಿ ಹೂತು, ಪಕ್ಕಕ್ಕೆ ತಮ್ಮ ಒಂದಿಷ್ಟು ಮದ್ದಿಟ್ಟರು. ನಾವು ಕಾಲುವೆ ಏರಿಯ ಹಿಂದೆ ಕೂತೆವು. ಮಾವ ಭಾನುವಾರದ ಕೋಟು ಹಾಕಿಕೊಂಡಿದ್ದರು.

“ಅವರ ಮದ್ದು ಮಾತ್ರ ಟಪ್ ಅನ್ನುತ್ತೆ, ನೋಡ್ತಿರು” ಅಂದರು.

ನೆಲ ಎದೆಗೆ ಒದ್ದಿತು.

ಕಾಲುವೆಯಾಚೆಯ ಹಸುಗಳು ದಿಕ್ಕಾಪಾಲಾದವು. ಮಣ್ಣು ನಮ್ಮ ತಲೆಯ ಮೇಲೆ ಮಳೆಯ ಹಾಗೆ ಸುರಿಯಿತು. ಹೋಗಿ ನೋಡಿದರೆ, ಕಾರು ಇಳಿಸಬಹುದಾದಂಥ ಹೊಂಡ.

“ಇಷ್ಟೆಲ್ಲ ನಿಮ್ಮ ಮದ್ದಿನಿಂದ ತಾನೇ?” ಮಾವ ಸಾರ್ಜೆಂಟನನ್ನು ಕೇಳಿದರು. ಬೇಡುವ ದನಿ.

ಅವನು ಎಳೆಯ ಹುಡುಗ. ಅಜ್ಜನ ಕಥೆ ಏನೂ ತಿಳಿಯದವನು. “ನಮ್ಮದಕ್ಕೆ ಇಷ್ಟು ದೊಡ್ಡ ಹೊಂಡ ಬೀಳಲ್ಲ ಸರ್. ನಿಮ್ಮದೇ. ಆ ಕಾಲದ ಮಾಲು ನೋಡಿ, ಹೊಸದರ ಹಾಗಿತ್ತು.”

ಒಂದು ಷೆಲ್‌ನಿಂದ ಏನೂ ಸಾಬೀತಾಗಲ್ಲ ಮಾವ ಎಂದೆ. ಜೋರಾಗಿಯೇ ಹೇಳಿದೆ. ಕೇಳಿಸಿರಬೇಕು.

ಅವರು ಕೋಟಿನ ಮಣ್ಣು ಕೊಡವಿಕೊಳ್ಳಲಿಲ್ಲ. ಒಳಗೆ ಹೋದರು. ಅಜ್ಜನ ಫೋಟೋದ ಎದುರು ನಿಂತು, ಬಹಳ ಮೆತ್ತಗೆ ಕೇಳಿದರು. “ಹಾಗಾದ್ರೆ ಯಾಕಪ್ಪ ಓಡಿದೆ?”

ಜೀವ ಉಳಿಸಿದ್ದಕ್ಕೆ ಮಾವ ಇವತ್ತಿನವರೆಗೂ ನನಗೊಂದು ಥ್ಯಾಂಕ್ಸ್ ಹೇಳಿಲ್ಲ.

ನಾನಾಗಿದ್ದರೂ ಹೇಳುತ್ತಿರಲಿಲ್ಲ, ಬಿಡಿ.