ನೂಲಗಿರಿಯ ದರದ ಹಲಗೆ

ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಇನ್ನೂ ಹಾಲುಹಲ್ಲು ಮೂಡಿರದ ಕಾಲದಲ್ಲಿ ನೂಲಗಿರಿ ಅಂತ ಒಂದು ಪುಟ್ಟ ರಾಜ್ಯವಿತ್ತು, ರಾಜ್ಯಕ್ಕೆಲ್ಲ ಒಂದೇ ಊರು. ಆ ಊರಿನವರೆಲ್ಲ ನೇಕಾರರು. ಯಾವ ಮನೆಗೆ ಹೋದರೂ ಹತ್ತಿ, ನೂಲು, ಮಗ್ಗ. ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ಸಲ ಯಾರದೋ ಒಲೆಯ ಕಿಡಿ ಹಾರಿ ಅರ್ಧ ಊರು ಸುಟ್ಟು ಹೋಯಿತು. ಅಂದಿನಿಂದ ಅರಸನ ಕಟ್ಟಪ್ಪಣೆ: ಮನೆಯಲ್ಲಿ ಯಾರೂ ಒಲೆ ಹೊತ್ತಿಸಕೂಡದು, ಉಣ್ಣಬೇಕೆಂದರೆ ಖಾನಾವಳಿಗೇ ಹೋಗಬೇಕು. ಊರಲ್ಲಿ ಹನ್ನೆರಡು ಖಾನಾವಳಿಗಳಿದ್ದವು. ಎಲ್ಲರೂ ಅಲ್ಲಿಯೇ ಉಂಡು, ಅಲ್ಲಿಯೇ ಚಹಾ ಕುಡಿದು, ಅಲ್ಲಿಯೇ ಅವರಿವರ ಸುದ್ದಿ ಮಾತಾಡಿ ಮನೆಗೆ ಹೋಗುತ್ತಿದ್ದರು.

ಆ ಊರಿನವರಿಗೆ ಒಂದು ಖಯಾಲಿ ಇತ್ತು. ಉಂಡು ಕೈತೊಳೆದರೋ ಇಲ್ಲವೋ, ರೊಕ್ಕದ ಗಲ್ಲೆಯ ಮುಂದೆ ಜಗಳ ಶುರು. "ನಾ ಕೊಡ್ತೀನಿ." "ಛೇ ಛೇ, ಕೈ ತಗೀರಿ, ಇವತ್ತ ನಂದು." "ಹ್ವಾದ ವಾರಾನೂ ನೀವ ಕೊಟ್ಟೀರಿ." ಒಬ್ಬರ ಕೈ ಇನ್ನೊಬ್ಬರು ಹಿಡಿದು ಎಳೆಯುವುದೇನು, ಅಂಗಿ ಜಗ್ಗುವುದೇನು! ನೋಡಿದವರು ಹೊಡೆದಾಟ ಅಂದುಕೊಳ್ಳಬೇಕು. ಕೊನೆಗೆ ಹಿರಿಯರೇ ಗೆಲ್ಲುತ್ತಿದ್ದರು. ಕಿರಿಯರ ಕೈಯಿಂದ ಕೊಡಿಸಿದರೆ ಹಿರಿಯರಿಗೆ ತಲೆ ಎತ್ತಿ ತಿರುಗಲು ಆಗುತ್ತಿರಲಿಲ್ಲ.

ಈ ಜಗಳದಲ್ಲಿ ಊರಿಗೇ ಹೆಸರಾದವನು ಸಂಗಣ್ಣ. ಅವನದೊಂದು ಮಗ್ಗ, ಅವನಿಗೊಬ್ಬಳು ತಂಗಿ ನೀಲವ್ವ. ಅಪ್ಪ ಅವ್ವ ತೀರಿಹೋದಾಗ ಅವಳಿಗಿನ್ನೂ ಮೂರು ವರ್ಷ. ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ಅವನು ನೇಯುವನು, ಅವಳು ಲಾಳಿಗೆ ನೂಲಿನ ಕಂಡಿಕೆ ಸುತ್ತುವಳು. ಮಧ್ಯಾಹ್ನ ಇಬ್ಬರೂ ಕಾಶವ್ವನ ಖಾನಾವಳಿಗೆ ಹೋಗಿ ಎದುರುಬದುರು ಕೂತು ಉಣ್ಣುವರು. ಪಕ್ಕದಲ್ಲಿ ಓಣಿಯವರು ಯಾರಾದರೂ ಕೂತಿದ್ದರೆ ಅವರದೂ ಸಂಗಣ್ಣನೇ ಕೊಡುವನು. ಅಂಥ ಧಾರಾಳಿ ಅವನು.

ಹೀಗಿರುವಾಗ ಒಂದು ದಿನ ಆ ಊರಿಗೆ ಧೂಮಾಂಗ ಅನ್ನುವ ಮಾಂತ್ರಿಕ ಬಂದ. ಸಣಕಲು ಮೈ, ಬೂದಿ ಬಣ್ಣದ ಗಡ್ಡ. ಪೇಟೆಯ ನಡುವೆ ನಿಂತು ಬಾಯಿ ತೆರೆದು ಒಂದು ಉಸಿರು ಒಳಗೆ ಎಳೆದುಕೊಂಡ. ಹನ್ನೆರಡು ಖಾನಾವಳಿಗಳ ಬೆಂಕಿಯೂ ಹಾರಿ ಬಂದು ಅವನ ಹೊಟ್ಟೆ ಸೇರಿತು. ಆಮೇಲೆ ಯಾರು ಎಷ್ಟು ಊದಿದರೂ ಒಂದು ಕಡ್ಡಿಯೂ ಹೊತ್ತಲಿಲ್ಲ. ಧೂಮಾಂಗ ತನ್ನದೊಂದು ದೊಡ್ಡ ಖಾನಾವಳಿ ತೆರೆದ. ಊರಿಗೆಲ್ಲ ಅದೊಂದೇ ಒಲೆ. ಬಾಗಿಲಲ್ಲಿ ಒಂದು ಕರಿ ಹಲಗೆ ತೂಗುಹಾಕಿದ. ದಿನಾ ಬೆಳಗ್ಗೆ ಆ ಹಲಗೆ ತನ್ನ ಮೇಲೆ ತಾನೇ ಆ ದಿನದ ದರ ಬರೆದುಕೊಳ್ಳುತ್ತಿತ್ತು.

ಮೊದಲ ದಿನ ಜನ ಓದಿ ನಕ್ಕರು. ಹಲಗೆಯ ಮೇಲೆ ಬರೆದಿತ್ತು: ಚಹಾಕ್ಕೆ ಒಂದು ಸಿಳ್ಳೆ, ಊಟಕ್ಕೆ ಒಂದು ಹಾಡು.

"ಇಷ್ಟ ಏನು? ಪುಕ್ಕಟೆ ಬಿಡ್ರಿ!" ಅಂದರು. ಕುಣಿಯುತ್ತ ಒಳಗೆ ಹೋದರು. ಗಲ್ಲೆಯ ಮುಂದೆ ಯಥಾಪ್ರಕಾರ ಜಗಳ. ಗೆದ್ದವನು ಬಾಯಿ ತೆರೆದು ಹಾಡಿದ. ಹಾಡು ಗಾಳಿಯಲ್ಲಿ ತೇಲಿ ಹೋಗಿ ಗೋಡೆಯ ಮೇಲಿನ ಜಾಡಿಯೊಂದರಲ್ಲಿ ಇಳಿಯಿತು, ಮುಚ್ಚಳ ತಾನೇ ಬಿದ್ದಿತು. ಮನೆಗೆ ಹೋಗಿ ಮತ್ತೆ ಹಾಡಲು ನೋಡುತ್ತಾನೆ, ಒಂದು ಸೊಲ್ಲೂ ನೆನಪಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಊಟಕ್ಕೆ ಒಂದು ನಗು ಆಯಿತು. ಮಳೆಗಾಲಕ್ಕೆ ಒಂದು ನೆನಪು ಆಯಿತು. ಚಳಿಗಾಲಕ್ಕೆ ಚಹಾಕ್ಕೇ ಒಂದು ನೆನಪು, ಊಟಕ್ಕೆ ಮೂರು, ಚಟ್ನಿ ಮತ್ತೊಮ್ಮೆ ಬೇಕಾದರೆ ಅದಕ್ಕೆ ಬೇರೆ. ರೊಟ್ಟಿಯೋ, ದಿನದಿನಕ್ಕೆ ಸಣ್ಣದಾಗುತ್ತಾ ಅಂಗೈಯಷ್ಟಕ್ಕೆ ಬಂತು. "ಭಾಳ ತುಟ್ಟಿ ಆತಪಾ" ಅಂತ ಜನ ಗೊಣಗಿದರು. ಅರಸನ ಹತ್ತಿರ ಹೋಗಿ ಅತ್ತರು. ಅರಸ ಮಂತ್ರಿಗಳನ್ನು ಕೂಡಿಸಿದ. "ವಿಚಾರ ಮಾಡೋಣ" ಅಂದ. ಅರಮನೆಗೆ ಹತ್ತಿ ನೂಲಿನ ಭಯವಿಲ್ಲ, ಅಲ್ಲಿ ಬೇರೆ ಅಡಿಗೆಮನೆ ಇತ್ತು, ಅದರ ಬೆಂಕಿಯನ್ನು ಧೂಮಾಂಗ ಮುಟ್ಟಿರಲಿಲ್ಲ. ಹೊಟ್ಟೆ ತುಂಬಿದವರ ವಿಚಾರ ಎಷ್ಟು ದಿನ ಬೇಕಾದರೂ ನಡೆಯುತ್ತೆ, ಅಲ್ಲವೇ?

ಆದರೆ ನೂಲಗಿರಿಯವರ ಹುಚ್ಚು ನೋಡಿ. ಇಷ್ಟಾದರೂ ಗಲ್ಲೆಯ ಮುಂದಿನ ಜಗಳ ಬಿಡಲಿಲ್ಲ! "ನನ್ನ ನೆನಪು ತಗೋರಿ." "ಛೇ, ಹಂಗೆಂಗ ಆಗತೈತಿ, ನಂದು ತಗೋರಿ." ಮರ್ಯಾದೆ ಅಂದರೆ ಮರ್ಯಾದೆ. ಮನೆಮನೆಯಲ್ಲೂ ಹಿರಿಯರು ಬರಿದಾಗುತ್ತ ಹೋದರು. ಧೂಮಾಂಗ ಇದನ್ನು ಕಂಡು ಗಡ್ಡ ನೀವಿಕೊಂಡು ನಗುತ್ತಿದ್ದ. ಯಾವ ಊರಲ್ಲೂ ಅವನಿಗೆ ಇಂಥ ಗಿರಾಕಿಗಳು ಸಿಕ್ಕಿರಲಿಲ್ಲ.

ಸಂಗಣ್ಣ ಮೊದಲು ಮಗ್ಗದ ಹಾಡು ಕಳೆದುಕೊಂಡ. ಆಮೇಲೆ ನಗು ಹೋಯಿತು. ಆಮೇಲೆ ಅವ್ವನ ಮುಖ ಮರೆತ. ಒಂದು ದಿನ ಮಗ್ಗದ ಕುಣಿಯಲ್ಲಿ ಇಳಿದು ಕೂತವನು ಲಾಳಿಯನ್ನು ಕೈಯಲ್ಲಿ ಹಿಡಿದು, ಇದೇನು ಅಂತ ತಿರುಗಿಸಿ ತಿರುಗಿಸಿ ನೋಡಿದ.

ನೀಲವ್ವ ಅತ್ತಳು. "ಅಣ್ಣಾ, ಇವತ್ತರ ನಾ ಕೊಡ್ತೀನಿ. ನಂದೂ ನೆನಪು ಅದಾವಲ್ಲ?"

"ನಿನ್ನ ಕೈಲೆ ಕೊಡಿಸಿ ನಾ ಉಣ್ಣಲೇನು? ಮಂದಿ ಮುಖಕ್ಕ ಉಗುಳ್ತಾರ."

"ಹಂಗಾರ ನನಗ ಊಟ ಬ್ಯಾಡ. ಹಸಿವಿಲ್ಲ."

"ನೀ ಉಣ್ಣವಾ. ನಂದೇನು, ಆಗೇತಿ," ಅಂದ ಸಂಗಣ್ಣ. ಆಗಿರಲಿಲ್ಲ. ತನ್ನ ಊಟ ಬಿಟ್ಟು ಅವಳ ಊಟಕ್ಕೆ ಮಾತ್ರ ಕೊಡುತ್ತಿದ್ದ. ಅದು ಅವಳಿಗೂ ಗೊತ್ತು.

ಹೋಳಿ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಅವಳು ಉಂಡು ಎದ್ದಾಗ ಸಂಗಣ್ಣ ಗಲ್ಲೆಯ ಹತ್ತಿರ ಹೋಗಿ ಕೊಟ್ಟು ಬಂದ. ಬಂದವನು ಅವಳನ್ನು ನೋಡಿ ಕೈ ಮುಗಿದು ಕೇಳಿದ, "ಯಾರವಾ ನೀನು? ಯಾರ ಮನೀಯಾಕಿ?"

ನೀಲವ್ವನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಅವಳನ್ನು ಹೊತ್ತು ಬೆಳೆಸಿದವನು ಅವಳ ಒಂದು ತುತ್ತಿಗಾಗಿ ಅವಳ ನೆನಪನ್ನೇ ಕೊಟ್ಟುಬಿಟ್ಟಿದ್ದ. ಅವನನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ಅವಳು ನೆಟ್ಟಗೆ ಮುದುಕಿ ಕಾಶವ್ವನ ಹತ್ತಿರ ಹೋದಳು. ಮೂರು ದಿನ ಅವಳ ಬಾಗಿಲಲ್ಲೇ ಉಪವಾಸ ಕೂತಳು. "ನೀ ಐವತ್ತು ವರ್ಷ ಒಲಿ ಮುಂದ ಕೂತಾಕಿ. ಒಲಿ ಮಾತು ನಿನಗ ಗೊತ್ತು. ನಮ್ಮಣ್ಣನ್ನ ಹೆಂಗ ವಾಪಸು ತರೂದು, ಹೇಳು," ಅಂತ ಪಟ್ಟು ಹಿಡಿದಳು.

ಮೂರನೆಯ ದಿನ ಕಾಶವ್ವ ಬಾಯಿ ಬಿಟ್ಟಳು. "ಕೇಳು ಮಗಳ. ಜಾಡಿಯೊಳಗ ಇದ್ದದ್ದು ಕೆಟ್ಟಿಲ್ಲ. ಅವನ ಮಾಟ ಮುರದರ ಎಲ್ಲಾರದೂ ಎಲ್ಲಾರಿಗೂ ಬರತೈತಿ. ಆದರ ಮುರಿಯೂದು ಒಂದ ದಾರಿ. ಅವನ ಒಲಿ ಮ್ಯಾಲಿನ ಅಡಿಗಿ ಅವನಿಗೆ ಉಣಿಸಿ, ಅವನ ಊಟದ ದರ ಬ್ಯಾರೆಯವರು ಕೊಡಬೇಕು. ಆಗ ಅವ ಮಾಲಕ ಅಲ್ಲ, ಗಿರಾಕಿ. ಗಿರಾಕಿ ಮಾತು ಒಲಿ ಕೇಳೂದಿಲ್ಲ."

"ಅಷ್ಟ ಏನು?"

"ಅಷ್ಟ ಅಲ್ಲವಾ. ಅವನ ಊಟಕ್ಕ ಕೊಟ್ಟದ್ದು ಜಾಡಿಗೆ ಬೀಳೂದಿಲ್ಲ, ಒಲಿಗೇ ಬೀಳತೈತಿ. ಒಲಿಗೆ ಬಿದ್ದದ್ದು ಬೂದಿ. ಅದು ಎಂದೂ ತಿರುಗಿ ಬರೂದಿಲ್ಲ."

ನೀಲವ್ವ ಎದ್ದು ಹೊರಟಳು.

ಧೂಮಾಂಗನ ಒಲೆ ಮೂರು ಬಾಗಿಲುಗಳ ಒಳಗಿತ್ತು. ಮೊದಲ ಬಾಗಿಲಲ್ಲಿ ಒಂದು ಹುಲಿ ಕೂತಿತ್ತು. ಬಂದವರನ್ನು ಅದು ಕೇಳುವುದು ಒಂದೇ ಮಾತು: "ಊಟ ಆತೇನು?" ಎಲ್ಲರೂ ರೂಢಿಯಂತೆ "ಆತು" ಅನ್ನುವರು. ಸುಳ್ಳು ಹೇಳಿದವರನ್ನು ಹುಲಿ ಹಿಡಿದು ಅಂಗಳಕ್ಕೆ ಎಸೆಯುವುದು. ನೀಲವ್ವನ ಬಾಯಿಗೂ "ಆತು" ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು ಹೇಳಿದಳು, "ಇಲ್ಲಪಾ. ಮೂರು ದಿನ ಆತು, ನೀರು ಬಿಟ್ಟು ಏನೂ ಮುಟ್ಟಿಲ್ಲ. ಕಾಲು ನಡಗಾಕತ್ತಾವು."

ಹುಲಿ ಅವಳ ಮುಖವನ್ನೇ ನೋಡಿತು. "ನಂದೂ ಆಗಿಲ್ಲವಾ," ಅಂತ ಮೆಲ್ಲಗೆ ಹೇಳಿ ಪಕ್ಕಕ್ಕೆ ಸರಿದು ಕೂತಿತು.

ಎರಡನೆಯ ಬಾಗಿಲಲ್ಲಿ ಹೆಗಲ ಮೇಲೆ ಕೈ ಒರೆಸುವ ಚೌಕ ಹಾಕಿಕೊಂಡ ಒಂದು ಗಿಳಿ. ಅದು ಒಂದೇ ಉಸಿರಿಗೆ ಶುರುಮಾಡಿತು: "ಬಿಸಿ ರೊಟ್ಟಿ, ಖಟಕ್ ರೊಟ್ಟಿ, ಚಪಾತಿ, ಎಣಗಾಯಿ, ಝುಣಕ, ಮಡಕಿಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹೋಳಿಗಿ, ಮ್ಯಾಲೆ ತುಪ್ಪ..." ಅದು ಹೆಸರು ಹೇಳಿದ ಹಾಗೆ ಆ ತಿನಿಸು ಕಣ್ಣೆದುರು ಬಂದು ಹೊಗೆಯಾಡುತ್ತಿತ್ತು. ಅದರಲ್ಲಿ ಒಂದನ್ನು ಬೇಕು ಅಂದರೂ ಆಯಿತು, ಅಂದವರು ಅಲ್ಲೇ ಕಲ್ಲಾಗುವರು. ನೀಲವ್ವನ ಬಾಯಲ್ಲಿ ನೀರೂರಿತು. ಕಣ್ಣು ಮುಚ್ಚಿಕೊಂಡು, "ನನಗ ಬರೇ ನೀರು ಸಾಕು," ಅಂದಳು.

"ನೀರಿಗೂ ಇವತ್ತಿನಿಂದ ದರ ಬಂದೈತಿ. ಒಂದು ವಾಟೆ ನೀರಿಗೆ ಒಂದು ಹನಿ ಕಣ್ಣೀರು," ಅಂದಿತು ಗಿಳಿ.

"ಅದಕ್ಕೇನು ಬರ ನನ್ನ ಹತ್ರ?" ಅಂದಳು ನೀಲವ್ವ. ಒಂದು ಕೇಳಿದ್ದಕ್ಕೆ ಹತ್ತು ಬಿದ್ದವು. ಗಿಳಿ ತಲೆ ತಗ್ಗಿಸಿ ಬಾಗಿಲು ತೆರೆಯಿತು.

ಮೂರನೆಯ ಬಾಗಿಲ ಒಳಗೆ ಧೂಮಾಂಗ ಒಲೆಯ ಮುಂದೆ ಕೂತಿದ್ದ. ಸುತ್ತ ಗೋಡೆಯ ತುಂಬ ಜಾಡಿಗಳು. ಯಾವುದೋ ಜಾಡಿಯಲ್ಲಿ ತಾಯಿಯೊಬ್ಬಳ ಜೋಗುಳ ಗುಂಯ್‌ಗುಡುತ್ತಿತ್ತು. ಮೂಲೆಯ ಜಾಡಿಯೊಂದರಲ್ಲಿ ಅಣ್ಣನ ನಗು ಕೇಳಿಸಿ ನೀಲವ್ವ ಅತ್ತ ತಿರುಗಿದಳು.

"ಇಲ್ಲೀತನಕ ಬಂದಿ ಅಂದ್ರ ಗಟ್ಟಿಗಿತ್ತಿ ನೀನು. ಏನು ಬೇಕು?" ಅಂದ ಧೂಮಾಂಗ.

ನೀಲವ್ವ ಅವನ ಕಡೆ ನೋಡಲೇ ಇಲ್ಲ. ಒಲೆಯ ಮೇಲಿನ ಝುಣಕದ ಬಾಣಲೆಯತ್ತ ಬಾಗಿ ಮೂಸಿ, "ಯಾಕ್ರಿ ಯಜಮಾನರ, ಝುಣಕಕ್ಕ ಉಪ್ಪ ಹಾಕಿಲ್ಲಲ್ಲ?" ಅಂದಳು.

"ಹಾಕೀನಿ!"

"ಇಲ್ಲ ಬಿಡ್ರಿ. ಊರ ಮಂದಿ ಎಲ್ಲಾ ಅದನ್ನ ಆಡಿಕೊಂಡು ನಗತಾರ. ಅಷ್ಟು ದರ, ಉಪ್ಪಿಲ್ಲ ಖಾರಿಲ್ಲ ಅಂತ."

ಬೆಂಕಿ ನುಂಗಿದವನಾದರೇನು, ಅಡಿಗೆಯವನು ಅಡಿಗೆಯವನೇ. ಉಪ್ಪಿಲ್ಲ ಅಂದರೆ ಯಾವ ಅಡಿಗೆಯವನು ಸುಮ್ಮನಿದ್ದಾನು? ಧೂಮಾಂಗನ ಮುಖ ಕೆಂಪಾಯಿತು. ಬಾಣಲೆಗೆ ಕೈ ಹಾಕಿ ಒಂದು ದೊಡ್ಡ ತುತ್ತು ಬಾಯಿಗಿಟ್ಟುಕೊಂಡು, ಅಗಿದು, ನುಂಗಿ, "ಉಪ್ಪೈತಿ! ಬರೋಬ್ಬರಿ ಐತಿ!" ಅಂತ ಕೂಗಿದ.

"ಉಂಡ್ರಲ್ಲ?" ಅಂದಳು ನೀಲವ್ವ. "ಇವತ್ತಿನ ದರ ಏನ್ರಿ?"

ಧೂಮಾಂಗನಿಗೆ ಆಗ ಹೊಳೆಯಿತು. "ಮಾಲಕನಿಗೆ ದರ ಇಲ್ಲ!" ಅಂತ ಚೀರಿದ. ಅಷ್ಟರಲ್ಲಿ ಬಾಗಿಲ ಹಲಗೆ ಹಾರಿ ಬಂದು ಇಬ್ಬರ ನಡುವೆ ನಿಂತಿತು. ಅದರ ಮೇಲೆ ಆ ದಿನದ ದರ ಇತ್ತು: ಎಲ್ಲರಿಗಿಂತ ಹತ್ತಿರದವರ ಪೂರ್ತಿ ನೆನಪು.

ನೀಲವ್ವ ಓದಿದಳು. ಮತ್ತೊಮ್ಮೆ ಓದಿದಳು. ಹತ್ತಿರದವರು ಅಂತ ಅವಳಿಗೆ ಇದ್ದವನು ಒಬ್ಬನೇ.

ಧೂಮಾಂಗ ಅವಳ ಮುಖ ನೋಡಿ ನಕ್ಕ. "ಕೊಡ್ತೀಯೇನು? ಕೊಟ್ರ ಯಾರ ಸಲುವಾಗಿ ಬಂದಿದ್ದಿ ಅನ್ನೂದೂ ಮರೀತಿ."

ಅವಳ ಕಣ್ಣ ಮುಂದೆ ಅಣ್ಣ ಬಂದ. ಹೋಳಿಗೆ ಹರಿದು ಹೂರಣ ಹೆಚ್ಚಿದ್ದ ಕಡೆಯನ್ನು ಅವಳ ತಾಟಿಗೆ ಹಾಕುವ ಅಣ್ಣ. ಜ್ವರ ಬಂದಾಗ ಮಗ್ಗ ನಿಲ್ಲಿಸಿ ಅವಳ ಅಂಗಾಲು ತಿಕ್ಕುತ್ತಿದ್ದ ಅಣ್ಣ. ಜಡೆ ಹಾಕಲು ಬಾರದೆ ನೂಲಿನ ಹಾಗೆ ಹುರಿ ಮಾಡಿಬಿಟ್ಟು, ಓಣಿಯ ಹೆಂಗಸರ ಕೈಲಿ ಬೈಸಿಕೊಂಡ ಅಣ್ಣ. ಒಂದೊಂದನ್ನೂ ಕೊನೆಯ ಸಲ ನೆನೆದಳು. ಅಯ್ಯೋ ದೇವರೇ, ಯಾವ ಶತ್ರುವಿಗೂ ಬೇಡ ಆ ಗಳಿಗೆ.

ಆಮೇಲೆ ಅವಳು ಧೂಮಾಂಗನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಬಿಡ್ರಿ, ಇವತ್ತ ನಂದು," ಅಂದಳು. "ನಾ ಕೊಡ್ತೀನಿ."

"ಬ್ಯಾಡ! ಬ್ಯಾಡ!" ಅಂತ ಧೂಮಾಂಗ ಕೈ ಕೊಸರಿದ. ನೂಲಗಿರಿಯವರ ಹಿಡಿತದಿಂದ ಗಲ್ಲೆಯ ಮುಂದೆ ಯಾರಾದರೂ ಬಿಡಿಸಿಕೊಂಡದ್ದುಂಟೇ? ನೀಲವ್ವನ ಎದೆಯಿಂದ ಬೆಳ್ಳಗಿನದೇನೋ ಎದ್ದು ಒಲೆಗೆ ಬಿತ್ತು. ಒಲೆ ಭುಗ್ಗೆಂದಿತು. ಧೂಮಾಂಗ ಗಿರಾಕಿಯಾದ, ಮಾಟ ಮುರಿಯಿತು. ಅವನ ಹೊಟ್ಟೆಯಲ್ಲಿದ್ದ ಹನ್ನೆರಡು ಬೆಂಕಿಗಳೂ ಒಮ್ಮೆಲೇ ಹೊರಗೆ ಹಾರಿ ತಮ್ಮ ತಮ್ಮ ಒಲೆಗಳನ್ನು ಹುಡುಕಿಕೊಂಡು ಹೋದವು. ಅವನಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು. ಜಾಡಿಗಳು ಪಟಪಟ ಒಡೆದವು.

ಊರಿಗೆ ಊರೇ ಆ ದಿನ ಹಾಡಿತು. ಮರೆತವರಿಗೆಲ್ಲ ನೆನಪು ಬಂತು, ಅಪ್ಪಂದಿರು ಮಕ್ಕಳ ಹೆಸರು ಹಿಡಿದು ಕೂಗಿದರು. ಕಲ್ಲಾದವರು ಎದ್ದು ಕೂತು ಊಟ ಕೇಳಿದರು. ಹುಲಿ ಹೊಟ್ಟೆ ತುಂಬ ಉಂಡು ಕಾಡಿಗೆ ಹೋಯಿತು, ಗಿಳಿ ಚೌಕ ಬಿಸಾಡಿ ಹಾರಿಹೋಯಿತು. ಖಾನಾವಳಿಗಳಲ್ಲಿ ರೊಟ್ಟಿ ಮತ್ತೆ ತಾಟಿನಗಲ ಆಯಿತು. ಅರಸ ಬಂದು ಎಲ್ಲ ತಾನೇ ಮಾಡಿಸಿದ್ದು ಅಂತ ಡಂಗುರ ಹೊಡೆಸಿದ, ಅದು ಬಿಡಿ. ನೂಲಗಿರಿಯವರು ಅಂದಿನಿಂದ ಉಂಡುಟ್ಟು ನೆಮ್ಮದಿಯಾಗಿದ್ದರು.

ಇಲ್ಲಿಗೇ ಕತೆ ಮುಗಿಸಿಬಿಡಬೇಕು ಅಂತ ನನಗೂ ಆಸೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ, ಹೇಳಿಬಿಡುತ್ತೇನೆ.

ಸಂಗಣ್ಣನಿಗೆ ಎಲ್ಲ ನೆನಪೂ ಬಂತು. "ನೀಲಾ! ನೀಲಾ!" ಅಂತ ಬೀದಿಯುದ್ದಕ್ಕೂ ಓಡಿ ಬಂದ. ಅವಳು ಬೂದಿಯ ಪಕ್ಕದಲ್ಲಿ ನಿಂತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, "ಯಾರ್ರಿ ನೀವು?" ಅಂದಳು. ಹಿಂದೆಯೇ ಬಂದ ಕಾಶವ್ವ, ಅವಳು ಒಲೆಗೆ ಏನು ಕೊಟ್ಟಳು ಅಂತ ಅವನ ಕಿವಿಯಲ್ಲಿ ಹೇಳಿದಳು. ಅವನು ಯಾರೆಂದು ಅವಳಿಗೆ ಹೇಳಲು ಓಣಿಯವರು ಬಾಯಿ ತೆರೆದರು. ಸಂಗಣ್ಣ ಅಡ್ಡ ಬಂದು ಕೈಮುಗಿದ. "ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಏನು ಕಳಕೊಂಡಾಳ ಅಂತ ಗೊತ್ತಾದ್ರ ಅಕಿ ಮತ್ತ ಅನ್ನ ಮುಟ್ಟೂದಿಲ್ಲ." ಅವರೆಲ್ಲ ಸೆರಗಿನಲ್ಲಿ, ಚೌಕದಲ್ಲಿ ಕಣ್ಣೊರೆಸಿಕೊಂಡು ಸುಮ್ಮನಾದರು. ಯಾರೂ ಇಲ್ಲದವಳು ಅಂತ ಕಾಶವ್ವ ನೀಲವ್ವನನ್ನು ತನ್ನ ಖಾನಾವಳಿಯಲ್ಲಿ ಇಟ್ಟುಕೊಂಡಳು.

ಸಂಗಣ್ಣ ದಿನಾ ಮಧ್ಯಾಹ್ನ ಅಲ್ಲಿಗೆ ಉಣ್ಣಲು ಹೋಗುತ್ತಿದ್ದ. ನೀಲವ್ವ ಬಡಿಸುತ್ತಿದ್ದಳು. ಎಲ್ಲ ಗಿರಾಕಿಗಳನ್ನೂ ಮಾತಾಡಿಸುವ ಹಾಗೆ ಅವನನ್ನೂ ಮಾತಾಡಿಸುತ್ತಿದ್ದಳು.

ಒಂದು ದಿನ ರೊಟ್ಟಿ ಹಾಕುತ್ತ ಕೇಳಿದಳು, "ನಿಮಗ ಒಡಹುಟ್ಟಿದವರು ಯಾರೂ ಇಲ್ಲೇನ್ರಿ? ದಿನಾ ಒಬ್ಬರ ಬರ್ತೀರಿ."

"ಒಬ್ಬಾಕಿ ತಂಗಿ ಅದಾಳ್ರಿ," ಅಂದ ಸಂಗಣ್ಣ.

"ಹೌದೇನ್ರಿ? ಆರಾಮ ಅದಾರ?"

ಸಂಗಣ್ಣ ತಾಟು ನೋಡುತ್ತ ರೊಟ್ಟಿ ಮುರಿದ. "ಆರಾಮ ಅದಾಳವಾ," ಅಂದ. "ಈಗ ಹೊಟ್ಟಿ ತುಂಬ ಉಣ್ತಾಳ."