ಅರಗಿನ ಕೆಳಗಿನ ಮುಖ

"ಆ ಅರಗು ಮಾತ್ರ ಕೀಳ್ಬ್ಯಾಡ ಕಣಪ್ಪ. ಮೇಲ್ಮೇಲೆ ನೋಡ್ಬುಟ್ಟು ಕೊಟ್ಬುಡು," ಎಂದಳು ಸುಬ್ಬಮ್ಮ.

ರವೀಂದ್ರ ನಕ್ಕ. ಹಳೇ ನಾಣ್ಯಗಳಲ್ಲಿ ಟಂಕಸಾಲೆಯ ತಪ್ಪು ಹುಡುಕುವುದು ಅವನ ಕಸುಬು. ಮಿಕ್ಕವರಲ್ಲಿ ತಪ್ಪು ಹುಡುಕುವುದು ಅವನ ಹುಟ್ಟುಗುಣ. ಬೆಂಗಳೂರಿನಿಂದ ಗಂಜಾಮಿನವರೆಗೆ ರಸ್ತೆಯನ್ನು, ಕಾಫಿಯನ್ನು, ನಿಮಿಷಾಂಬನ ಗುಡಿ ಮುಂದಿನ ಹೂವಿನವಳನ್ನು ಹಳಿಯುತ್ತಲೇ ಬಂದಿದ್ದ. ಹಳಿಯದೆ ಬಿಟ್ಟಿದ್ದು ಮಗಳು ಚಿನ್ನುವೊಬ್ಬಳನ್ನೇ. ತಾಯಿಲ್ಲದ ಆ ಕೂಸಿನ ಮುಖ ಕಂಡರೆ ಮಾತ್ರ ಅವನ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ಅವಳೀಗ ಹೊರಗೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.

ಒಳಗೆ, ಸುಬ್ಬಮ್ಮನ ಮಾವನ ಕಾಲದ ಅಕ್ಕಸಾಲೆ ಕೆಲಸದ ಕೋಣೆ. ಕಿಟಕಿಯಿಲ್ಲ, ನಡುಮಧ್ಯಾಹ್ನವೂ ಅಲ್ಲಿ ಕತ್ತಲೆಯೇ. ಹಳೇ ಇದ್ದಿಲು, ಒಡವೆ ತೊಳೆಯುವ ಹುಳಿ, ಇಲಿ ಹಿಕ್ಕೆಯ ವಾಸನೆ. ರವೀಂದ್ರನ ಅಂಗೈಯಲ್ಲಿ ತಾಮ್ರದ ಕಾಲಾಣೆ. ಒಂದು ಕಡೆ ರಾಣಿಯ ಮುಖ ಉಬ್ಬಿತ್ತು. ಬರಹವಿರಬೇಕಾದ ಇನ್ನೊಂದು ಕಡೆಗೆ, ಪೊಳ್ಳು ಒಡವೆಯೊಳಗೆ ತುಂಬುವ ಅರಗು ಕಪ್ಪಗೆ ಮೆತ್ತಿತ್ತು. ಅದರ ಕೆಳಗೆ ಅದೇ ಮುಖ ತಗ್ಗಾಗಿ ಬಿದ್ದಿದೆಯಂತೆ ಎಂದು ಸುಬ್ಬಮ್ಮನ ಮೊಮ್ಮಗ ಶ್ರೀನಾಥ ಫೋನು ಮಾಡಿ ಕರೆಸಿದ್ದ.

"ನಮ್ಮ ಮಾವನಿಗೆ ಆಗ್ದೋರು ಮಾಟ ಮಾಡ್ಸಿ ಈ ಕಾಸ್ನ ಅಗ್ಗಿಷ್ಟಿಕೆ ಬುಡದಲ್ಲಿ ಊತಿದ್ರು," ಎಂದಳು ಮುದುಕಿ. "ಕಾಸಿನ ಮುಖದ ಅಳ್ಳ ಬರಿದಾಗಿರ್ಬಾರ್ದು. ಬಗ್ಗಿ ನೋಡ್ದೋರ ಕಣ್ಣ ಒಳಕ್ಕೆ ಎಳ್ಕತದೆ. ಮಾವ ನೋಡ್ಬುಟ್ರು. ಸಾಯಗಂಟ ಎಂಡ್ತಿ ಮಕ್ಕಳ ಮುಖ ಕಂಡ್ರೆ ಕಿರುಚ್ಕತಿದ್ರು."

"ಪೊರೆ ಬಂದಿರುತ್ತೆ ಅಜ್ಜಿ. ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಇದು ಮಾಟ ಅಲ್ಲ, ಟಂಕಸಾಲೆ ಆಳಿನ ಸೋಮಾರಿತನ. ಮುಂಚೆ ಹೊಡೆದ ನಾಣ್ಯ ಅಚ್ಚಿಗೆ ಅಂಟಿಕೊಂಡಿರುತ್ತೆ. ಅವನು ನೋಡದೆ ಇನ್ನೊಂದು ಬಿಲ್ಲೆ ಇಟ್ಟು ಹೊಡೀತಾನೆ. ಮೊದಲಿನದರ ಮುಖ ಎರಡನೇದಕ್ಕೆ ಒತ್ತಿ ತಗ್ಗು ಬೀಳುತ್ತೆ. ಅಷ್ಟೇ."

"ಅಷ್ಟೇ ಇರ್ಲಿ. ಕೀಳ್ಬ್ಯಾಡ."

"ಕೀಳದೆ ಅಸಲಿಯೋ ನಕಲಿಯೋ ಹೇಗೆ ಹೇಳಲಿ? ಉಳಿಯಲ್ಲಿ ಕೆತ್ತಿ ಮೋಸ ಮಾಡೋರು ಬೇಕಾದಷ್ಟಿದಾರೆ. ನಿಮ್ಮ ಮಾವನೂ ಕೆತ್ತೋ ಕಸುಬಿನವರೇ ಅಲ್ವಾ?"

ಮುದುಕಿಯ ಮುಖ ಕಪ್ಪಿಟ್ಟಿತು. "ಸುಮ್ಕಿರಜ್ಜಿ, ಸಾರು ತಿಳ್ದೋರು," ಎಂದ ಶ್ರೀನಾಥ, ನೆಲ ನೋಡುತ್ತಾ.

"ತಿಳ್ಕಳ್ಲಿ," ಎಂದು ಸುಬ್ಬಮ್ಮ ಗೋಡೆ ಕಡೆ ತಿರುಗಿ ಕೂತಳು.

ರವೀಂದ್ರ ನಾಣ್ಯವನ್ನು ಚಿಮಟದಲ್ಲಿ ಹಿಡಿದು ಲೈಟರಿನ ಉರಿ ತಾಗಿಸಿದ. ಅರಗು ಬೆವರಿತು. ಕರಗಿ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಎದ್ದ ಕಮಟು ಅರಗಿನದಲ್ಲ. ಕೂದಲು ಸುಟ್ಟ ವಾಸನೆ. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ಕಣ್ಣಿಟ್ಟ.

ತಗ್ಗಿನಲ್ಲಿ ರಾಣಿ. ಮೂಗು ಒಳಕ್ಕೆ. ಗಲ್ಲ ಒಳಕ್ಕೆ. ಉಳಿಯ ಗೀರಿಲ್ಲ. ಅಪ್ಪಟ ತಪ್ಪು. ಹೇಳಿರಲಿಲ್ಲವೇ ಎಂದು ನಗಲು ಹೊರಟ.

ಪಕ್ಕಕ್ಕೆ ತಿರುಗಿದ್ದ ಮುಖ ನಿಧಾನವಾಗಿ ಇವನ ಕಡೆ ಹೊರಳಿತು.

ಕತ್ತೆತ್ತಬೇಕೆಂದುಕೊಂಡ. ಏಳಲಿಲ್ಲ. ಕಣ್ಣಿನ ಹಿಂದಿನ ನರವನ್ನು ಯಾರೋ ದಾರದಂತೆ ಜಗ್ಗಿದರು. ಏನೋ ಕಳಚಿತು. ಸದ್ದಿಲ್ಲದೆ. ತಗ್ಗಿಗೆ ಇಳಿಯಿತು.

ಕತ್ತೆತ್ತಿದ. ಎದುರಿಗೆ ಶ್ರೀನಾಥನ ಅಂಗಿ, ಶ್ರೀನಾಥನ ಕುತ್ತಿಗೆ. ಮೇಲೆ ಮುಖವಿರಲಿಲ್ಲ. ಮುಖದ ಗುಳಿಯಿತ್ತು. ಮೂಗು ತಲೆಯೊಳಕ್ಕೆ ಚಾಚಿತ್ತು. ಗುಳಿ ತುಟಿ ಆಡಿಸಿತು. "ಯಾಕ್ ಸಾರ್?"

ರವೀಂದ್ರ ಕಲ್ಲಿನ ಮೇಲಿದ್ದ ಬಿಸಿ ಅರಗಿಗೆ ಬೆರಳು ಹಾಕಿದ.

"ಈಗ ಮೆತ್ಬ್ಯಾಡ," ಎಂದಳು ಸುಬ್ಬಮ್ಮ, ಗೋಡೆ ಕಡೆಯಿಂದಲೇ. "ಕಾಸ್ನ ಬೋರಲಾಕು. ಎಳ್ಕಂಡಿದ್ದು ಉದುರ್ಲಿ. ಆಮ್ಯಾಕೆ ಮೆತ್ತು."

ಆ ಗೊಡ್ಡು ಮುದುಕಿಯ ಮಾತು ಅವನೇಕೆ ಕೇಳಿಯಾನು? ಅರಗಿದ್ದಾಗ ನೆಟ್ಟಗಿತ್ತು, ತೆಗೆದಾಗ ಕೆಟ್ಟಿತು, ಮೆತ್ತಿದರೆ ಸರಿಹೋಗುತ್ತದೆ. ಅವನ ಬುದ್ಧಿಗೆ ಲೆಕ್ಕ ಅಷ್ಟು ಸುಲಭ. ಹೆಬ್ಬೆರಳು ಸುಡುತ್ತಿದ್ದರೂ ಒತ್ತಿದ. ತಗ್ಗು ತುಂಬಿತು. ಅರಗು ಆರಿ ಕಲ್ಲಾಯಿತು.

ಶ್ರೀನಾಥನ ಮುಖದ ಗುಳಿ ಹಾಗೇ ಇತ್ತು.

"ಮತ್ತೆ ಕರಗಿಸ್ತೀನಿ," ಎಂದ.

"ಅರಗಿನ ಜೊತೀಗೆ ಒಳಕ್ಕೆ ಎಳ್ಕಂಡಿದ್ದೂ ಕರಗೋಯ್ತದೆ. ಎಲ್ಲಾ ತಿಳ್ದೋನು, ಒಂದ್ ಗಳಿಗೆ ತಡ್ಯಕ್ಕಾಗ್ನಿಲ್ವ ನಿಂಗೆ," ಎಂದಳು ಮುದುಕಿ.

ಹೊರಗೆ ಕುಂಟುವ ಸದ್ದು ನಿಂತಿತು. ಹೆಜ್ಜೆ. ಹೊಸಿಲ ಬೆಳಕಿನಲ್ಲಿ ಹಳದಿ ಲಂಗ.

"ಅಪ್ಪಾ, ನಾನೇ ಗೆದ್ದೆ."

ದನಿ ಚಿನ್ನುವಿನದು. ಲಂಗ ಚಿನ್ನುವಿನದು. ರವೀಂದ್ರ ಕಿರುಚುತ್ತಾ ಗೋಡೆಗೆ ಒತ್ತಿಕೊಂಡ.

ಬೆಂಗಳೂರಿಗೆ ಮರಳಿದ ಮೇಲೆ, ಮೊದಮೊದಲು ಮಗು ಅಪ್ಪನ ಮುಂದೆ ಹೋಗಿ ನಿಂತು ಅಳುತ್ತಿತ್ತು. ಆ ಗುಳಿಯಿಂದ ನೀರು ತುಳುಕುವುದನ್ನು ನೋಡಲಾರದೆ ಅವನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಬರಬರುತ್ತಾ ಅವಳೇ ಉಪಾಯ ಕಂಡುಕೊಂಡಳು. ಈಗ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಹಿಮ್ಮುಖವಾಗಿ ನಡೆದು ಬಂದು ಅವನ ಮಂಡಿಯ ನಡುವೆ ಕೂರುತ್ತಾಳೆ. ಅವನು ಎಣ್ಣೆ ಹಚ್ಚಿ, ಬೈತಲೆ ತೆಗೆದು, ಜಡೆ ಹಾಕುತ್ತಾನೆ. ಹಿಂದಿನಿಂದ ಮಗಳು ಮಗಳೇ.

"ಇವತ್ತಾದ್ರೂ ತಿರುಗ್ಲಾ ಅಪ್ಪ?"

"ಬೇಡ," ಎಂದು ಹಾಕಿದ ಜಡೆಯನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯುತ್ತಾನೆ.