ಪಾವೊಲಾ ಚಾಚಿದ ನೋಟು

"ಕಲ್ಲೇಶ್, ಜೀಪಿನ ಕೀ ಟೇಬಲ್ ಮೇಲಿಟ್ಟು ಹೊರಡಿ!"

ರಶ್ಮಿ ಅವನ ಮುಖ ನೋಡಲಿಲ್ಲ. ನೋಡಿದರೆ ಸೋಲುತ್ತೇನೆಂದು ಅವಳಿಗೆ ಗೊತ್ತಿತ್ತು.

ಬಣಕಲ್ ಹತ್ತಿರದ ಈ ಹೋಂಸ್ಟೇ ಅವಳದು. ಅತಿಥಿಗಳನ್ನು ದೇವರಮನೆ ಗುಡ್ಡಕ್ಕೆ ಕರೆದೊಯ್ಯುವ ಜೀಪೂ ಅವಳದೇ, ಓಡಿಸುವವನು ಕಲ್ಲೇಶ್. ಯಾರ ಕೈಗೆ ಟಿಪ್ಸ್ ಬಂದರೂ ಅಡುಗೆಮನೆಯ ಡಬ್ಬಿಗೇ ಬೀಳಬೇಕು. ಅಡುಗೆಯ ತಿಮ್ಮಮ್ಮನಿಗೂ ಪಾಲು. ಅದು ಇಲ್ಲಿಯ ಪದ್ಧತಿ.

ನಿನ್ನೆ ಇಟಲಿಯ ಅತಿಥಿ ಪಾವೊಲಾ ಅವನಿಗೆ ನೋಟು ಚಾಚಿದ್ದನ್ನು ರಶ್ಮಿ ಕಣ್ಣಾರೆ ಕಂಡಿದ್ದಳು. ಅವನೇನೋ ಹೇಳಿದ. ಪಾವೊಲಾ ನಕ್ಕು, ಅವನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದಳು! ಜೀಪಿನ ಬಾಗಿಲು ಅಡ್ಡ ಬಂತು... ನೋಟು ಎಲ್ಲಿ ಹೋಯಿತು?

ಡಬ್ಬಿಯಂತೂ ಖಾಲಿ.

ಅನುಮಾನ ಅಂದರೆ ಕಾಫಿಗಿಡಕ್ಕೆ ಬೀಳುವ ಕಾಂಡಕೊರಕ ಹುಳ. ಮೇಲೆ ಎಲೆ ಹಸಿರಾಗೇ ಇರುತ್ತದೆ, ಒಳಗೆಲ್ಲ ಟೊಳ್ಳು.

"ಅವ್ರು ಟಿಪ್ಸ್ ಕೊಟ್ರಾ, ಇಲ್ವಾ?"

"ಕೊಡಕ್ ಬಂದ್ರು. ನಾನ್ ತಗಳಿಲ್ಲ."

"ಯಾಕೆ?"

"ಅದನ್ನ... ಹೇಳಕ್ಕಾಗಲ್ಲ."

"ಟಿಪ್ಸ್ ಬೇಡ ಅನ್ನೋ ಡ್ರೈವರ್ ಈ ಘಾಟಿಲಿ ಇನ್ನೂ ಹುಟ್ಟಿಲ್ಲ ಮಾರಾಯ!" ತಿಮ್ಮಮ್ಮ ಒಲೆಯ ಮುಂದಿನಿಂದಲೇ ಕೂಗಿದಳು.

ಕಲ್ಲೇಶ್ ಕೀ ಇಟ್ಟು ಮೆಟ್ಟಿಲಿಳಿದ.

'ಕದ್ದವನು ಇಷ್ಟು ನಿಧಾನಕ್ಕೆ ಹೋಗುತ್ತಾನಾ? ಅಥವಾ ಇದೂ ನಾಟಕವಾ...?'

ಅಷ್ಟರಲ್ಲಿ ಪಾವೊಲಾ ಬ್ಯಾಗು ಹೆಗಲಿಗೇರಿಸಿ, ಮೂಡಿಗೆರೆ ಬೇಕರಿಯ ಸಿಹಿ ಪೊಟ್ಟಣ ಹಿಡಿದು ಬಂದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದಿಷ್ಟು:

"ಇದು ನಿಮ್ಮ ಮನೆಗೆ. ನಮ್ಮಲ್ಲಿ ಮನೆಯವರಿಗೆ ದುಡ್ಡು ಕೊಟ್ಟರೆ ಅವಮಾನ, ಸಿಹಿ ಕೊಡುತ್ತೇವೆ. ನಿನ್ನೆ ಗೊತ್ತಾಗದೆ ನಿಮ್ಮ ಗಂಡನಿಗೆ ಟಿಪ್ಸ್ ಚಾಚಿಬಿಟ್ಟೆ!"

"ನನ್ನ... ಗಂಡ?"

"ಕಲ್ಲೇಶ್! 'ನಾನು ಈ ಮನೆಯವನು, ನನಗೆ ಟಿಪ್ಸ್ ಬೇಡ' ಅಂದರು. ನಾಚಿಕೆಯಾಯಿತು. ನೋಟು ಒಳಗಿಟ್ಟುಕೊಂಡು, ನಮ್ಮೂರಿನ ಹಾಗೆ ಕೆನ್ನೆ ತಾಗಿಸಿ ಕ್ಷಮೆ ಕೇಳಿದೆ."

ರಶ್ಮಿ ಟೇಬಲ್ ಮೇಲಿದ್ದ ಕೀ ಬಾಚಿಕೊಂಡು ಬರಿಗಾಲಲ್ಲೇ ಗೇಟಿಗೆ ಓಡಿದಳು.

"ನಿಲ್ಲಿ! ಯಾರನ್ನ ಕೇಳಿ ಈ ಮನೆಯವ್ರಾದ್ರಿ?"

ಅವನ ಮುಖ ಕೆಂಪಾಯಿತು. "ಯಾರನ್ನೂ ಕೇಳ್ಲಿಲ್ಲ... ಬಾಯಿಗೆ ಬಂದ್ಬಿಡ್ತು. ನಿಮ್ಮನ್ನ ಕೇಳೋ ಧೈರ್ಯ ಇದ್ದಿದ್ರೆ ಯಾವಾಗ್ಲೋ ಕೇಳ್ತಿದ್ದೆ."

"ಈಗ ಕೇಳಿ."

"ಕಳ್ಳನ್ನ ನೋಡ್ದಂಗೆ ನೋಡಿದ್ರಲ್ಲ..."

"ನೋಡ್ದೆ. ತಪ್ಪಾಯ್ತು. ಈಗ ನೀವ್ ಕೇಳ್ತೀರೋ, ನಾನೇ ಕೇಳ್ಬೇಕೋ?"

"ಯಾರಾದ್ರೂ ಕೇಳ್ಕಳಿ ಮಾರಾಯ್ರೆ!" ಕಿಟಕಿಯಲ್ಲಿ ತಿಮ್ಮಮ್ಮ. "ನನ್ ಪಾಲಿನ ಟಿಪ್ಸ್ ಯಾರ್ ಕೊಡ್ತೀರ, ಅದ್ ಹೇಳಿ ಮೊದ್ಲು!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ರಶ್ಮಿ ಅವನ ಅಂಗೈಯಲ್ಲಿ ಕೀ ಇಟ್ಟು, ತನ್ನ ಕೈ ತೆಗೆಯಲಿಲ್ಲ.

"ಇದನ್ನ ಯಾವಾಗ ವಾಪಸ್ ಕೊಡ್ಬೇಕು?" ಅವನು ಮೆಲ್ಲಗೆ ಕೇಳಿದ.

"ಮನೆಯವ್ರ ಹತ್ರ ಯಾರಾದ್ರೂ ಕೀ ವಾಪಸ್ ಕೇಳ್ತಾರಾ?"